ರೇಷ್ಮೆಗೆ ಮೈಲಿಗೆ ಇಲ್ಲ

ಡಿಸೆಂಬರ್ 9, ಸೋಮವಾರ

ಇವತ್ತೂ ರಕ್ತ. ಜಾಸ್ತಿ ಏನಿಲ್ಲ. ನೀರು ಸುರಿದು ಹೊರಗೆ ಬರುವಷ್ಟರಲ್ಲಿ ಕಾಶಕ್ಕ ಬಾಗಿಲ ಮುಂದೆ. "ಒಳಗ ನಿದ್ದಿ ಮಾಡಿದ್ಯೇನ, ಅನೂ? ಸಾಲಿಗೆ ಹೊತ್ತಾತು." ಈ ಮನೆಯಲ್ಲಿ ಸಂಡಾಸಿಗೆ ಹೋದರೂ ಹಾಜರಿ ಕೊಡಬೇಕು.

ಮೂಲವ್ಯಾಧಿ ಎಂದು ತೀರ್ಪಾಗಿದೆ. ತೀರ್ಪು ಕೊಟ್ಟವರು ಕಾಶಕ್ಕನೇ. ಇವರ ಅಕ್ಕ. ಹೆತ್ತವರ ಜಡ್ಡು ನೋಡುತ್ತ ನೋಡುತ್ತ ಮದುವೆಯ ವಯಸ್ಸು ದಾಟಿತು, ತಮ್ಮನ ಮನೆಯ ಅಡಿಗೆ ಕೋಣೆ ಅವರ ರಾಜ್ಯವಾಯಿತು. ನನಗೆ ದಿನಾ ಸುವರ್ಣಗಡ್ಡೆ ಪಲ್ಯ, ಮೇಲೆ ಮಜ್ಜಿಗೆ. ಎರಡು ತಿಂಗಳಾಯಿತು. ಜಮಖಂಡಿ ಸಂತೆಯ ಗಡ್ಡೆಯೆಲ್ಲ ನನ್ನ ಹೊಟ್ಟೆಗೆ ಬಂತು. ರಕ್ತ ನಿಲ್ಲಲಿಲ್ಲ.

ಏಳನೇ ಇಯತ್ತೆಗೆ ಇವತ್ತು ಜೀರ್ಣಾಂಗ. ದೊಡ್ಡ ಕರುಳನ್ನು ಹಳದಿ ಚಾಕ್‌ಪೀಸಿನಲ್ಲಿ ಬಿಡಿಸುತ್ತ ಕೆಳಗಿನ ತುದಿಗೆ ಬಂದೆ. ಕೈ ನಿಂತಿತು. ವಿಜ್ಞಾನದ ಟೀಚರ್ ನಾನು. ಗಡ್ಡೆ ತಿನ್ನುತ್ತ ಕೂತಿದ್ದೇನೆ. ನಾಚಿಕೆಯಾಗಬೇಕು.

ಸಂಜೆ ಇವರಿಗೆ ಹೇಳಿದೆ. ಹೆಸರು ಧೀರೇಂದ್ರ. ಕುರ್ಚಿಯಲ್ಲೇ ಬೆವೆತರು. ಮಗಳು ಪ್ರಾಜಕ್ತಾಗೆ ಫೋನ್ ಮಾಡಿದರು. ಅವಳು ತಿಮ್ಮಾಪುರದ ನಾಯಿ ಕೇಂದ್ರದಲ್ಲಿ ಡಾಕ್ಟರ್. ಮುಧೋಳ ನಾಯಿಗಳ ಡಾಕ್ಟರ್. "ಅಮ್ಮಾ, ಎರಡು ತಿಂಗಳಿಂದ ಅಂದ್ರ? ನಮ್ಮಲ್ಲಿ ನಾಯಿಗೆ ಎರಡು ದಿನ ರಕ್ತ ಬಿದ್ರ ಟೇಬಲ್ ಮ್ಯಾಲ ಹಾಕ್ತೇವಿ." ಅಂದರೆ ಈ ಮನೆಯಲ್ಲಿ ನನಗಿಂತ ಅಲ್ಲಿಯ ನಾಯಿಗಳು ಸುಖಿ.

ಡಿಸೆಂಬರ್ 12, ಗುರುವಾರ

ಬೆಳಗಾವಿ. ಹೋಗುವಾಗ ಮುಧೋಳದಲ್ಲಿ ಪ್ರಾಜಕ್ತಾ ಹತ್ತಿದಳು. ದಾರಿಯುದ್ದ ಕಬ್ಬಿನ ಟ್ರ್ಯಾಕ್ಟರ್, ಎರಡೆರಡು ಟ್ರೇಲರ್, ಮೇಲೆ ಕಿವಿ ಹರಿಯುವ ಹಾಡು. ಇವರು ಒಂದನ್ನೂ ಓವರ್‌ಟೇಕ್ ಮಾಡಲಿಲ್ಲ. ಬೈದೆ.

ಕ್ಯಾಮೆರಾ ಹಾಕಿ ಒಳಗೆ ನೋಡಿದರು. ಪರೀಕ್ಷೆಗೆ ಒಂದು ಚೂರು ತೆಗೆದುಕೊಂಡರು. ಡಾಕ್ಟರ್ ಸರಿತಾ — ಪ್ರಾಜಕ್ತಾಗಿಂತ ಹತ್ತು ವರ್ಷ ದೊಡ್ಡವರಿರಬಹುದು. ಮಾತು ಕಡಿಮೆ. ಪರದೆಯ ಮೇಲೆ ನನ್ನದೇ ಕರುಳು ಕಂಡಿತು. ಹಳದಿ ಅಲ್ಲ. ನಸುಗೆಂಪು, ಚಂದವೇ ಇದೆ. ಕೊನೆಗೆ ಒಂದು ಕಡೆ ಮಾತ್ರ ಹೂಕೋಸಿನ ಹಾಗೆ ಏನೋ. ಡಾಕ್ಟರ್ ಅಲ್ಲಿ ತಡೆದು ನಿಂತರು.

ಕೇಳಬೇಕೆಂದಿದ್ದೆ. ಕೇಳಲಿಲ್ಲ.

ಡಿಸೆಂಬರ್ 18, ಬುಧವಾರ

ಹೌದು.

ಡಿಸೆಂಬರ್ 22, ಭಾನುವಾರ

ಕ್ಯಾನ್ಸರ್. ಇವತ್ತು ಬರೆಯಲು ಬಂತು.

ಪ್ರಾಜಕ್ತಾ ಬಂದಿದ್ದಳು. ಬೇಗ ಸಿಕ್ಕಿದೆಯಂತೆ, ಹೊರಗೆ ಹಬ್ಬಿಲ್ಲವಂತೆ, ಆಪರೇಶನ್ನಿನಲ್ಲೇ ಹೋಗಬಹುದಂತೆ. ಪೇಪರಿನ ಅಂಚಿನಲ್ಲಿ ಚಿತ್ರ ಬರೆದು ಎಲ್ಲರಿಗೂ ಪಾಠ ಮಾಡಿದಳು. "ಹೊಟ್ಟಿ ಪೂರ್ತಿ ಕೊಯ್ಯೂದಿಲ್ಲ. ನಾಕು ತೂತು. ಒಂದರಾಗ ಕ್ಯಾಮೆರಾ, ಉಳಿದದ್ರಾಗ ಉದ್ದನ್ನ ಕತ್ತರಿ, ಚಿಮಟ. ಹೊಟ್ಟಿಗೆ ಗಾಳಿ ತುಂಬಿ ಉಬ್ಬಿಸಿ, ಟೀವಿ ನೋಡಿಕೋತ ಕೆಲಸ ಮಾಡ್ತಾರ. ಕೆಟ್ಟ ಭಾಗ ತಗದು ಎರಡೂ ತುದಿ ಕೂಡಿಸ್ತಾರ."

ಒಳಗಿಂದ ಕಾಶಕ್ಕ: "ಟೀವಿ ಯಾಕ ನೋಡಬೇಕು? ಅಷ್ಟೂ ಲಕ್ಷ್ಯ ಇಲ್ಲೇನು ಕೆಲಸದ ಮ್ಯಾಲ?"

ನಕ್ಕೆವು. ಆಮೇಲೆ ಪ್ರಾಜಕ್ತಾ ಚಿತ್ರದ ಪಕ್ಕ ಇನ್ನೊಂದು ಸಣ್ಣ ಗುಂಡು ಬರೆದಳು. ಕೂಡಿಸುವ ಜಾಗ ಬಹಳ ಕೆಳಗಿದ್ದರೆ, ಅದು ಮಾಯುವ ತನಕ ಹೊಟ್ಟೆಯ ಮೇಲೆ ಚೀಲ. ಮಲ ಅದರಲ್ಲಿ ಬೀಳುತ್ತದೆ. ಎರಡು ಮೂರು ತಿಂಗಳು. ಬೇಕಾಗಬಹುದು, ಬೇಡವೂ ಆಗಬಹುದು.

ಅಡಿಗೆ ಕೋಣೆಯಲ್ಲಿ ಪಾತ್ರೆಯ ಸದ್ದು ನಿಂತಿತು.

ಖರೆ ಹೇಳಬೇಕೆಂದರೆ ಕ್ಯಾನ್ಸರ್ ಎಂದಾಗ ಇಷ್ಟು ಎದೆ ಹೊಡೆದುಕೊಂಡಿರಲಿಲ್ಲ. ಚೀಲ ಎಂದಾಗ ಹೊಡೆದುಕೊಂಡಿತು. ಆ ಕೋಣೆಯ ಕಾಯ್ದೆ ನನಗೆ ಗೊತ್ತು. ಮಿಂದು ಮಡಿ ಉಟ್ಟ ಮೇಲೆ ಕಾಶಕ್ಕನನ್ನು ಯಾರೂ ಮುಟ್ಟಬಾರದು. ನೂಲಿನ ಸೀರೆಗೆ ಗಾಳಿ ಸೋಕಿದರೂ ಮೈಲಿಗೆ. ರೇಷ್ಮೆ ಉಟ್ಟ ದಿನ ಮಾತ್ರ ಸ್ವಲ್ಪ ಸಡಿಲ. ಹೊಸದಾಗಿ ಬಂದಾಗ ಯಾಕೆ ಹಾಗೆ ಎಂದು ಕೇಳಿದ್ದೆ. "ರೇಷ್ಮಿಗೆ ಮೈಲಿಗಿ ಇಲ್ಲ" ಎಂದರು. ಅದಕ್ಕೆ ಕಾರಣ? "ಇಲ್ಲಂದ್ರ ಇಲ್ಲ." ಮುಗಿಯಿತು.

ಇಪ್ಪತ್ತೆಂಟು ವರ್ಷ ಸಂಸಾರ ಮಾಡಿ ನಾನು ಗೆದ್ದುಕೊಂಡದ್ದು ಒಂದೇ. ಬೆಳಿಗ್ಗೆ ಮಿಂದು ಒಳಗೆ ಹೋಗಿ ಸಾರಿಗೆ ಒಗ್ಗರಣೆ ಹಾಕುವ ಹಕ್ಕು. ಅವರ ಕೈ ನಡುಗಲು ಶುರುವಾದ ಮೇಲೆ ಸಿಕ್ಕಿದ್ದು. ಆ ಹೊತ್ತಿನಲ್ಲಿ ಇಬ್ಬರೂ ಊರಿನವರನ್ನೆಲ್ಲ ಆಡಿಕೊಳ್ಳುತ್ತೇವೆ. ದಿನದಲ್ಲಿ ಅದೊಂದು ಹೊತ್ತು ಈ ಮನೆ ನನ್ನದು ಅನಿಸುತ್ತದೆ. ಹೊಟ್ಟೆಗೆ ಮಲದ ಚೀಲ ಕಟ್ಟಿಕೊಂಡವಳನ್ನು ಅವರು ಹೊಸ್ತಿಲು ದಾಟಿಸುತ್ತಾರೆಯೇ. ತಾಟು ಪಡಸಾಲೆಗೆ ಬರುತ್ತದೆ. ಮಾತೂ ಹೊಸ್ತಿಲಾಚೆಯಿಂದಲೇ.

ದೇವರೇ, ಚೀಲ ಒಂದು ಬೇಡ.

ಜನವರಿ 2, ಗುರುವಾರ

ಬೆಳಗಾವಿಗೆ ಮತ್ತೆ. ಸ್ಕ್ಯಾನ್ ಎಲ್ಲ ನೋಡಿದರು. ಮಂಗಳವಾರ ಆಪರೇಶನ್. ಚೀಲದ ಬಗ್ಗೆ ಕೇಳಿದೆ. "ಒಳಗ ಹೋದಮ್ಯಾಲ ಹೇಳ್ತೀನಿ ಟೀಚರ್. ಮದಲ ಮಾತು ಕೊಡೂದಿಲ್ಲ" ಎಂದರು ಡಾಕ್ಟರ್ ಸರಿತಾ. ಸಿಟ್ಟು ಬಂತು. ಸುಳ್ಳು ಹೇಳಿದ್ದರೆ ಇನ್ನೂ ಸಿಟ್ಟು ಬರುತ್ತಿತ್ತು.

ಹೊರಗೆ ಬೆಂಚಿನಲ್ಲಿ ಬನಹಟ್ಟಿಯ ಇಂದ್ರವ್ವ. ಮನೆಯಲ್ಲಿ ಪವರ್‌ಲೂಮ್ ಇದೆಯಂತೆ. ನನ್ನ ಮುಖ ನೋಡಿಯೇ ಶುರು ಮಾಡಿದಳು. "ಚೀಲದ ಚಿಂತಿ ಏನ್ರಿ ಬಾಯಾರ? ನಂದೂ ಐತಿ. ಎಂಟು ತಿಂಗಳಾತು ಕಟ್ಕೊಂಡ ಮಗ್ಗ ನಡಸಾಕತ್ತೇನಿ." ನಾನು ಬೇಡ ಬೇಡ ಎನ್ನುವಷ್ಟರಲ್ಲಿ ಸೆರಗು ಸರಿಸಿ ತೋರಿಸಿದಳು. ಪ್ಲಾಸ್ಟಿಕ್ ಕಾಣಲಿಲ್ಲ. ಮೇಲೆ ಹಸಿರು ಸೀರೆಯ ತುಂಡಿನಲ್ಲಿ ಹೊಲಿದ ಗವಸಣಿಗೆ, ಅಂಚು ಸಮೇತ. "ಬರೇ ಪ್ಲಾಸ್ಟಿಕ್ ಮೈಗೆ ಅಂಟತೈತ್ರಿ, ಬೆವರ ಬರತೈತಿ. ಅರಬಿ ಹೊಲಕೊಂಡ್ರ ಛಲೋ. ನಮ್ಮನ್ಯಾಗ ಅರಬಿಗೇನ ಬರಗಾಲ?"

ಪುಣ್ಯಾತ್ಗಿತ್ತಿ. ಅವಳ ಮನೆಯಲ್ಲಿ ಕಾಶಕ್ಕ ಇಲ್ಲ.

ಊರಿಗೆ ಬಂದು ಊಟಕ್ಕೆ ಕೂತಾಗ ಇವರು ಗವಸಣಿಗೆಯ ಕಥೆ ಹೇಳಿ ನಗಿಸಲು ನೋಡಿದರು. ಕಾಶಕ್ಕ ನಗಲಿಲ್ಲ. "ನೂಲಿಂದೇನು?" ಎಂದಷ್ಟೇ ಕೇಳಿದರು. ನೂಲಿನದೇ ಎಂದೆ. ಮಜ್ಜಿಗೆ ಬಡಿಸಿದರು.

ಜನವರಿ 6, ಸೋಮವಾರ, ಸಂಜೆ

ಆಸ್ಪತ್ರೆ. ನಾಳೆ ಬೆಳಿಗ್ಗೆಯೇ ಒಳಗೆ. ಬೆಳಗಿನಿಂದ ಗಟ್ಟಿ ಆಹಾರ ಇಲ್ಲ. ಎಳನೀರು, ಸೋಸಿದ ಶರಬತ್ತು, ಕರುಳು ತೊಳೆಯುವ ಔಷಧಿ. ಆ ಔಷಧಿಯ ಪ್ರತಾಪ ಬರೆಯುವಂಥದ್ದಲ್ಲ. ನರ್ಸ್ ಮೂರು ಸಲ ಹೇಳಿ ಹೋದಳು, ಏನೂ ತಿನ್ನಬಾರದು.

ಕಾಶಕ್ಕ ಬಂದರು. ಜಮಖಂಡಿಯಿಂದ ಒಬ್ಬರೇ, ಬಸ್ಸಿನಲ್ಲಿ. ನಾಲ್ಕು ಮನೆ ಆಚೆಗೂ ಒಬ್ಬರೇ ಹೋಗದವರು. ಕೈಯಲ್ಲಿ ಡಬ್ಬಿ, ಡಬ್ಬಿಗೆ ಹಳೆಯ ರೇಷ್ಮೆ ಬಟ್ಟೆ ಸುತ್ತಿದೆ. "ಬಸ್ಸಿನಾಗ ಮಂದಿ ಮೈಮ್ಯಾಲ ಬಿದ್ದು ಬಿದ್ದು ಬಂದಾರ. ಆದ್ರ ರೇಷ್ಮಿ ಸುತ್ತೀನಿ, ಒಳಗಿಂದು ಮಡಿ ಅದ." ನನ್ನ ಜೊತೆ ಅವರೂ ಬೆಳಗಿನಿಂದ ಉಪವಾಸವಂತೆ. ಯಾರೂ ಹೇಳಿರಲಿಲ್ಲ.

ಡಬ್ಬಿಯಲ್ಲಿ ಸಾಬೂದಾಣಿ ವಡೆ, ಸಬ್ಬಕ್ಕಿಯದು. ಶೇಂಗಾ ಹಾಕಿದ್ದು.

"ಏನೂ ತಿನ್ನಬಾರದಂತರಿ, ಅಕ್ಕಾ" ಎಂದೆ.

"ತಿನ್ನೂದೆಲ್ಲಿ ಬಂತು? ಇದು ಉಪವಾಸದ್ದು."

ಇವರು ಔಷಧಿ ತರಲು ಕೆಳಗೆ ಹೋಗಿದ್ದರು. ಇಲ್ಲದಿದ್ದರೆ ತಡೆಯುತ್ತಿದ್ದರೋ ಏನೋ. ಕಾಶಕ್ಕ ಒಂದು ವಡೆ ಮುರಿದು ನನ್ನ ಅಂಗೈಯಲ್ಲಿ ಇಟ್ಟರು. ಮೇಲಿಂದ ಹಾಕಲಿಲ್ಲ. ಇಟ್ಟರು. ಬೆರಳು ತಾಗಿತು. ಇಷ್ಟು ವರ್ಷದಲ್ಲಿ ಮಡಿಯ ತಿನಿಸು ಕೊಡುವಾಗ ಅವರ ಬೆರಳು ನನಗೆ ತಾಗಿದ್ದು ಇದೇ ಮೊದಲು.

ತಿಂದೆ. ಎರಡು ತಿಂದೆ. ಕರುಳಿನ ಚಿತ್ರ ಬರೆದು ಸಂಬಳ ತೆಗೆದುಕೊಳ್ಳುವವಳು ತಿಂದೆ. ರುಚಿಯಾಗಿತ್ತು.

ಜನವರಿ 7, ಮಂಗಳವಾರ

ಬೆಳಿಗ್ಗೆ ನಾನೇ ಹೇಳಿದೆ. ಮುಚ್ಚಿಟ್ಟು ಮಲಗಲು ಆಗಲಿಲ್ಲ. ಡಾಕ್ಟರ್ ಸರಿತಾ ಕೈಕಟ್ಟಿ ನಿಂತರು.

"ಟೀಚರ್, ನೀವು ಓದಿದವರು."

ಇದಕ್ಕಿಂತ ಒಂದು ಏಟು ಹಾಕಿದ್ದರೆ ವಾಸಿ. ಕಾಶಕ್ಕ ಎದ್ದು ನಿಂತರು. "ಆಕಿಗ್ಯಾಕ ಅಂತೀರಿ? ನಾ ಕೊಟ್ಟೀನಿ. ಸಾಬೂದಾಣಿ ಅನ್ನ ಅಲ್ಲ. ಏಕಾದಶಿಗೆ ನಡೀತದ, ಸೋಮವಾರಕ್ಕ ನಡೀತದ, ನಿಮ್ಮ ಆಪರೇಶನ್ನಿಗೆ ಯಾಕ ನಡಿಯೂದಿಲ್ಲ?"

"ಅಜ್ಜೀ, ದೇವರಿಗೆ ನಡೀತದ ಖರೆ. ಕರುಳಿಗೆ ನಡಿಯೂದಿಲ್ಲ. ಕರುಳು ಹೊಲಿಯೂಮುಂದ ಅದರಾಗ ಶೇಂಗಾ ಇರಬಾರದು."

ಕಾಶಕ್ಕ ಡಬ್ಬಿಯ ಕಡೆ ನೋಡಿದರು. ಶೇಂಗಾ ಎಂದಾಗ ಅವರಿಗೂ ಅರ್ಥವಾಯಿತು ಅನಿಸುತ್ತದೆ. ಇವರು ಮೂಲೆಯಲ್ಲಿ ನಿಂತು ಮೆಲ್ಲಗೆ, "ಏಕಾದಶಿ, ದುಪ್ಪಟ್ ಖಾಶಿ" ಎಂದರು. ಏಕಾದಶಿಗೆ ಎರಡು ಪಟ್ಟು ತಿನ್ನುವವರ ಮೇಲಿನ ಮರಾಠಿ ಗಾದೆ ಅದು. ಹೊತ್ತು ಗೊತ್ತು ಬೇಡವೇ ಈ ಮನುಷ್ಯನಿಗೆ. ನರ್ಸ್ ನಕ್ಕಳು. ಕಾಶಕ್ಕನ ಮುಖ ನೋಡಲಾಗಲಿಲ್ಲ.

ಆಪರೇಶನ್ ಶುಕ್ರವಾರಕ್ಕೆ ಹೋಯಿತು. ಮತ್ತೆ ಅದೇ ಎಳನೀರು, ಅದೇ ಔಷಧಿ, ಅದೇ ಓಡಾಟ.

ಕಾಶಕ್ಕ ವರಾಂಡದಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದಾರೆ. ಊಟಕ್ಕೆ ಕರೆದರೆ ಬೇಡವಂತೆ. "ಜೀವ ಇರೂತನಕ ಇನ್ನ ಸಾಬೂದಾಣಿ ಮುಟ್ಟೂದಿಲ್ಲ" ಎಂದರಂತೆ ಇವರಿಗೆ. ಅಯ್ಯೋ ಪಾಪ ಅನಿಸಿತು. ಸಿಟ್ಟೂ ಇದೆ. ಎರಡೂ ಇದೆ.

ಜನವರಿ 10, ಶುಕ್ರವಾರ, ಬೆಳಿಗ್ಗೆ

ಏಕಾದಶಿ. ಈ ಸಲ ನನ್ನ ಹೊಟ್ಟೆಯಲ್ಲಿ ಏನೂ ಇಲ್ಲ, ದೇವರಾಣೆ. ಕಾಶಕ್ಕ ನೀರು ಕೂಡ ಮುಟ್ಟಿಲ್ಲ. ಇವರ ಕೈ ತಣ್ಣಗಿದೆ. ಪ್ರಾಜಕ್ತಾ ನನ್ನ ಬಳೆ ಬಿಚ್ಚಿ ಪರ್ಸಿನಲ್ಲಿ ಹಾಕಿಕೊಂಡಳು. ಚೀಲ ಬೇಡ, ಚೀಲ ಬೇಡ — ಗಾಡಿ ತಂದರು.

ಜನವರಿ 13, ಸೋಮವಾರ

ಕೈಗೆ ಇವತ್ತು ಬಲ ಬಂತು.

ನಾಲ್ಕು ತೂತು. ಒಂದೊಂದರ ಮೇಲೂ ಸಣ್ಣ ಪಟ್ಟಿ. ಕೆಳಹೊಟ್ಟೆಯಲ್ಲಿ ಮಾತ್ರ ಒಂದು ಚಿಕ್ಕ ಕೊಯ್ತ, ಕೆಟ್ಟ ಭಾಗವನ್ನು ಹೊರಗೆ ತೆಗೆದದ್ದು ಅಲ್ಲಿಂದ. ಮರುದಿನವೇ ಎಬ್ಬಿಸಿ ನಡೆಸಿದರು. ಹೊಟ್ಟೆಗಿಂತ ಭುಜ ನೋಯುತ್ತದೆ. ತುಂಬಿದ ಗಾಳಿ ಮೇಲೇರಿ ಅಲ್ಲಿ ನೋವು ಕೊಡುತ್ತದಂತೆ. ಪಾಠದ ಪುಸ್ತಕದಲ್ಲಿ ಇದಿಲ್ಲ.

ಬಲಗಡೆ ಚೀಲ.

ಎರಡು ದಿನ ಆ ಕಡೆ ನೋಡಲಿಲ್ಲ. ನಿನ್ನೆ ನೋಡಿದೆ. ಕರುಳಿನ ತುದಿ ಹೊಟ್ಟೆಯಿಂದ ಹೊರಗೆ ಇಣುಕುತ್ತಿದೆ, ಕೆಂಪಗೆ, ಒದ್ದೆಯಾಗಿ. ಚೀಲದಲ್ಲಿ ಹಳದಿ ನೀರು. ಅತ್ತೆ. ಸದ್ದು ಮಾಡಿ ಅತ್ತೆ.

ಡಾಕ್ಟರ್ ಬಂದು ಪಕ್ಕದಲ್ಲಿ ಕೂತರು. ಆಗ ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. "ಗಡ್ಡಿ ಪೂರ್ತಿ ಬಂದದ ಟೀಚರ್. ಕೂಡಿಸಿದ್ದು ಭಾಳ ಕೆಳಗ, ಅದಕ್ಕ ವಿಶ್ರಾಂತಿ ಬೇಕು, ಅದಕ್ಕ ಚೀಲ. ಎರಡು ಮೂರು ತಿಂಗಳಿಗೆ ಮುಚ್ಚೋಣ." ವಡೆಯಿಂದ ಆಯಿತೇ ಎಂದು ಕೇಳಿದೆ. ಅವರು ನಕ್ಕರು. "ವಡಿ ತಿಂದಿದ್ರೂ ಇಡ್ತಿದ್ದೆ, ತಿನ್ನದಿದ್ರೂ ಇಡ್ತಿದ್ದೆ. ಶುಕ್ರವಾರ ನಿಮ್ಮ ಕರುಳು ಸ್ವಚ್ಛ ಇತ್ತು."

ಅವರು ಹೋದ ಮೇಲೆ ಕಾಶಕ್ಕ ಒಳಗೆ ಬಂದರು. ಹೊದಿಕೆ ಸರಿದಿತ್ತು. ಚೀಲ ಕಂಡಿತು. ಬಹಳ ಹೊತ್ತು ನೋಡಿದರು. "ನನ್ನ ವಡಿ" ಎಂದು ಹೊರಗೆ ಹೋದರು.

ಕೂಗಿ ಕರೆದು ಹೇಳಬಹುದಿತ್ತು. ಗಂಟಲಲ್ಲಿ ಶಕ್ತಿ ಇರಲಿಲ್ಲ ಎಂದು ಬರೆಯಬಹುದು. ಇತ್ತು. ಇಷ್ಟು ವರ್ಷ ಹೊಸ್ತಿಲ ಆಚೆ ನಿಲ್ಲಿಸಿದ್ದೀರಿ, ಒಂದು ದಿನ ನೀವೂ ನಿಲ್ಲಿ ಅನಿಸಿತು. ಅಷ್ಟು ಕೆಟ್ಟವಳು ನಾನು.

ಜನವರಿ 17, ಶುಕ್ರವಾರ

ಮನೆ.

ಆಸ್ಪತ್ರೆ ಬಿಡುವಾಗ ಒಂದು ತಮಾಷೆ. ಎಲ್ಲರೂ ಗಾಡಿ ಹತ್ತಿದ ಮೇಲೆ ಕಾಶಕ್ಕ ತಂಬಿಗೆ ಮರೆತೆ ಎಂದು ವಾಪಸ್ ಹೋದರು. ಕಾದು ಕಾದು ಸಾಕಾಯಿತು. ಬಂದಾಗ ನೋಡಿದರೆ ತಂಬಿಗೆ ನನ್ನ ಕಾಲ ಬಳಿಯ ಬ್ಯಾಗಿನಲ್ಲೇ ಇದೆ. ವಯಸ್ಸಾಯಿತು.

ಪಡಸಾಲೆಯಲ್ಲಿ ನನಗೆ ಹಾಸಿಗೆ. ಅಂದುಕೊಂಡಂತೆಯೇ. ಅಡಿಗೆ ಕೋಣೆಯ ಬಾಗಿಲು ಎದುರಿಗೇ ಕಾಣುತ್ತದೆ. ಹೊಟ್ಟೆ ಉರಿಯಲು ಅನುಕೂಲ.

ಚೀಲ ತುಂಬಿತು. ಬಗ್ಗಿದರೆ ಎಳೆಯುತ್ತದೆ. ಇವರು "ನಾ ಮಾಡ್ತೀನಿ, ನನಗ ತೋರಿಸ್ಯಾರ" ಎಂದು ಬಂದರು. ಕೆಳಗಿನ ಕ್ಲಿಪ್ ತೆಗೆದರು. ವಾಸನೆ ಬಂತು. ಧೀರೇಂದ್ರ ಬಿಳಿಚಿಕೊಂಡು ಬಾಗಿಲ ಚೌಕಟ್ಟು ಹಿಡಿದು ಕೂತುಬಿಟ್ಟರು. ಈಗ ಇಬ್ಬರು ರೋಗಿಗಳು.

ಕಾಶಕ್ಕ ಒಳಗಿಂದ ಬಂದರು. ಮಡಿ ಸೀರೆಯಲ್ಲಿದ್ದರು. "ಏಳೋ ಧೀರ್ಯಾ. ಆಚೆ ಹೋಗು." ನನ್ನ ಪಕ್ಕ ಕೂತರು. ಬಕೆಟ್ಟಿಗೆ ಸುರಿದರು, ಬಾಯಿ ಒರೆಸಿದರು, ಕ್ಲಿಪ್ ಹಾಕಿದರು. ಮೂಗು ಮುರಿಯಲಿಲ್ಲ. ಬೇಡ ಬೇಡ ಎನ್ನುತ್ತಿದ್ದೆ. "ಸುಮ್ನ ಬಿದ್ಕೋ. ಇದು ನನ್ನ ಪಾಲಿಂದು" ಎಂದರು.

ಆಮೇಲೆ ಬಚ್ಚಲಿಗೆ ಹೋಗಿ ತಣ್ಣೀರು ಸುರಿದುಕೊಂಡ ಸದ್ದು. ಮತ್ತೆ ಮಡಿ. ಮತ್ತೆ ಒಲೆಯ ಮುಂದೆ.

ಜನವರಿ 21, ಮಂಗಳವಾರ

ದಿನಕ್ಕೆ ಎಷ್ಟು ಸಲ ಚೀಲ ತುಂಬುತ್ತದೋ ಅಷ್ಟು ಸಲ ಕಾಶಕ್ಕನ ಸ್ನಾನ. ಈ ಚಳಿಯಲ್ಲಿ. ನಾನ್ಯಾಕೆ ಮಾಡಿಕೊಳ್ಳಬಾರದು ಎಂದರೆ, "ಬಗ್ಗಬ್ಯಾಡ ಅಂದಾರ, ಬಗ್ಗಬ್ಯಾಡ."

ಆ ಹೊತ್ತಿನಲ್ಲಿ ಮಾತು ಬರುತ್ತದೆ. ಎದುರುಮನೆಯ ಸೊಸೆಯ ಸಂಗತಿ, ಗಲಗಲಿಯ ಸೋದರತ್ತೆಯ ಮನೆಯ ಹಳೆಯ ಜಗಳ, ಇವರು ಸಣ್ಣವರಿದ್ದಾಗ ಕೃಷ್ಣೆಯಲ್ಲಿ ಮುಳುಗಲು ಹೋಗಿದ್ದು. ಒಲೆಯ ಮುಂದಿನ ಮಾತು ಹಾಸಿಗೆಯ ಪಕ್ಕಕ್ಕೆ ಬಂದಿದೆ. ನಿನ್ನೆ ನನ್ನ ತಲೆ ಬಾಚಿದರು. ಅವ್ವ ಹೋದ ಮೇಲೆ ಯಾರೂ ಬಾಚಿರಲಿಲ್ಲ.

ಹೇಳಬೇಕು. ವಡೆಯಿಂದಲ್ಲ ಎಂದು ಹೇಳಬೇಕು. ದಿನಾ ಬೆಳಿಗ್ಗೆ ಅಂದುಕೊಳ್ಳುತ್ತೇನೆ. ಮೊದಲು ಹಟಕ್ಕೆ ಹೇಳಲಿಲ್ಲ. ಈಗ ಹೆದರಿಕೆ. ಪಾಪ ತೀರಿಸುತ್ತಿದ್ದೇನೆ ಎಂದು ಮಾಡುತ್ತಿದ್ದಾರೆ. ಪಾಪವೇ ಇಲ್ಲ ಎಂದು ಗೊತ್ತಾದರೆ ಎದ್ದು ಕೈ ತೊಳೆದು ಒಳಗೆ ಹೋಗುತ್ತಾರೆ. ಬಾಗಿಲು ಹಾಕಿಕೊಳ್ಳುತ್ತಾರೆ.

ನಾಳೆ ಹೇಳುತ್ತೇನೆ.

ಜನವರಿ 27, ಸೋಮವಾರ

ರಿಪೋರ್ಟ್ ಬಂತು. ಪ್ರಾಜಕ್ತಾ ಫೋನಿನಲ್ಲೇ ಅತ್ತಳು. ಕರುಳಿನ ಸುತ್ತಲಿನ ಗಂಟುಗಳಲ್ಲಿ ಏನೂ ಇಲ್ಲ. ಕೀಮೋ ಬೇಡ. ತಪಾಸಣೆಗೆ ಹೋಗುತ್ತಿದ್ದರೆ ಸಾಕು.

ಬದುಕಿದೆ. ಇವರು ದೇವರ ಕೋಣೆಯಲ್ಲಿ ಗಂಟೆ ಬಾರಿಸಿದರು. ಕಾಶಕ್ಕ ಬಂದು ನನ್ನ ಹಣೆಗೆ ಕುಂಕುಮ ಹಚ್ಚಿ, ಬಕೆಟ್ ತೆಗೆದುಕೊಂಡು ಹೋದರು. ಹೋಗುತ್ತ ಕೆಮ್ಮಿದರು.

ಇವತ್ತೂ ಹೇಳಲಿಲ್ಲ.

ಫೆಬ್ರವರಿ 3, ಸೋಮವಾರ

ಕೆಮ್ಮು ಎದೆಗೆ ಇಳಿದಿದೆ. ಜ್ವರ. ಸ್ನಾನ ಬಿಡಿ ಎಂದರೆ ಕೇಳುವುದಿಲ್ಲ. ಬಿಸಿನೀರಾದರೂ ಹಾಕಿಕೊಳ್ಳಿ ಎಂದರೆ ಕಾಯಿಸಲು ಹೊತ್ತಿಲ್ಲವಂತೆ. ಇವರು ಬೈದರು. "ಕಾಶಕ್ಕಾ, ನೀ ಬಿದ್ರ ಈಕಿನ್ನ ನೋಡೂರು ಯಾರು, ನಿನ್ನ ನೋಡೂರು ಯಾರು?" "ನೀ ಅಂತೂ ಅಲ್ಲ. ನೀ ವಾಸನಿಗೇ ಬೀಳಾಂವ" ಎಂದರು. ಕೆಮ್ಮಿನ ನಡುವೆಯೂ ನಾಲಿಗೆಗೆ ಏನೂ ಆಗಿಲ್ಲ.

ಇವತ್ತಿನಿಂದ ಚೀಲ ನಾನೇ ಖಾಲಿ ಮಾಡಿಕೊಳ್ಳುತ್ತಿದ್ದೇನೆ. ಕಷ್ಟವೇನಿಲ್ಲ. ಮೊದಲೇ ಮಾಡಬಹುದಿತ್ತು. ಮಾಡಿಸಿಕೊಂಡೆ.

ಮಧ್ಯಾಹ್ನ ಕಂಬಳಿ ಹೊದ್ದು ಏನೋ ಹೊಲಿಯುತ್ತ ಕೂತಿದ್ದರು. ನಾನು ಹತ್ತಿರ ಹೋದರೆ ಸೆರಗಿನ ಕೆಳಗೆ ತಳ್ಳಿದರು. ಜ್ವರದಲ್ಲಿ ಏನು ಹೊಲಿಗೆಯೋ. ದೇವರ ಬಟ್ಟೆ ಇರಬೇಕು.

ಫೆಬ್ರವರಿ 8, ಶನಿವಾರ

ಏಕಾದಶಿ. ಜ್ವರ ಇಳಿದಿದೆ, ಕೆಮ್ಮು ಇದೆ. ಜ್ವರಕ್ಕೆ ನೋಡಿದ ಡಾಕ್ಟರ್ ಬೇಡವೆಂದರೂ ಕಾಶಕ್ಕ ಉಪವಾಸ. ಬರೀ ಹಾಲು. ಸಾಬೂದಾಣಿ ಇಲ್ಲ. ಮಾತು ಎಂದರೆ ಮಾತು.

ಮುಖ ಇಷ್ಟಾಗಿದೆ. ನೋಡಿ ತಡೆಯಲಾಗಲಿಲ್ಲ. ಹೋಗಿ ಅವರ ಕಾಲ ಬಳಿ ಕೂತೆ. ಹೇಳಿದೆ. ಡಾಕ್ಟರ್ ಸರಿತಾ ಹೇಳಿದ್ದು, ಅವತ್ತೇ ಹೇಳಿದ್ದು, ನಾನು ಬೇಕೆಂದೇ ಮುಚ್ಚಿಟ್ಟದ್ದು. ಎಲ್ಲ. "ನಿಮ್ಮ ವಡಿದು ಏನೂ ತಪ್ಪಿಲ್ರಿ ಅಕ್ಕಾ. ನಿಮ್ಮ ಪಾಲಿಂದು ಅಲ್ಲ ಇದು. ಇನ್ನ ನೀವು ಮಾಡೂದು ಬ್ಯಾಡ."

ಅವರು ಹಾಲಿನ ಲೋಟ ಕೆಳಗಿಟ್ಟರು.

"ಗೊತ್ತದ."

ಏನು ಗೊತ್ತು?

"ನೀ ಗಾಡ್ಯಾಗ ಕೂತಮ್ಯಾಲ ತಂಬಿಗಿ ನೆವ ಮಾಡಿ ಹೋಗಿದ್ನಲ್ಲ. ಆ ಡಾಕ್ಟರ್ ಹುಡುಗಿನ್ನ ಹಿಡದು ಕೇಳಿದೆ. ವಡಿಯಿಂದ ಅಲ್ಲ, ನಿಮ್ಮ ಪೇಶಂಟಿಗೆ ಅವತ್ತ ಹೇಳೀನಲ್ಲ ಅಂದ್ಳು."

ಅಂದರೆ ಮನೆಗೆ ಬಂದ ದಿನದಿಂದ ಗೊತ್ತಿತ್ತು. ಮೊದಲ ಸಲ ಬಕೆಟ್ ಹಿಡಿದಾಗಲೇ ಗೊತ್ತಿತ್ತು. ಮತ್ತೆ ಯಾಕೆ ಮಾಡಿದಿರಿ ಎಂದು ಕೇಳಿದೆ.

"ಆಯಿಗೆ ಮೂರು ವರ್ಷ ಮಾಡೀನಿ. ಅಪ್ಪಗ ಮಾಡೀನಿ. ನಿನಗ ಮಾಡಬಾರದೇನು? ನೀ ಯಾರ ಪೈಕಿ ಅಂತ ತಿಳಕೊಂಡಿ?" ಸ್ವಲ್ಪ ಹೊತ್ತು ಕೆಮ್ಮಿದರು. "ಮುಚ್ಚಿಟ್ಟಾಳ ಅಂತ ಮದಲ ಸಿಟ್ಟು ಬಂದಿತ್ತು. ಆಮ್ಯಾಲ ನಿನ್ನ ಮಾರಿ ನೋಡಿದೆ. ಅಂಜ್ಯಾಳ ಈಕಿ ಅನಿಸ್ತು. ನಾ ಬಿಟ್ಟುಹೋಗ್ತೀನಂತ ಅಂಜ್ಯಾಳ."

ಅವರ ಮಡಿಲಲ್ಲಿ ತಲೆಯಿಟ್ಟು ಅತ್ತೆ. ಮಡಿಯಲ್ಲಿದ್ದರು. ಎಬ್ಬಿಸಲಿಲ್ಲ.

ಫೆಬ್ರವರಿ 9, ಭಾನುವಾರ, ಬೆಳಿಗ್ಗೆ

ದ್ವಾದಶಿ. ನಿನ್ನೆಯ ಉಪವಾಸ ಬಿಡುವ ದಿನ, ಅಡಿಗೆ ಬೇಗ. ಸ್ನಾನ ಮಾಡಿ ಬಂದು ಹಾಸಿಗೆಯ ಮೇಲೆ ಕೂತಿದ್ದೆ. ಕಾಶಕ್ಕ ಬಂದು ಏನೋ ನನ್ನ ತೊಡೆಯ ಮೇಲೆ ಹಾಕಿದರು. "ಹಾಕ್ಕೋ" ಎಂದು ಒಳಗೆ ಹೋದರು.

ಗವಸಣಿಗೆ. ಚೀಲದ್ದೇ ಅಳತೆ. ಮೇಲೆ ಕಟ್ಟಲು ಲಾಡಿ, ಕೆಳಗೆ ಕ್ಲಿಪ್ಪಿಗೆ ಸಂದು. ನಡುಗುವ ಕೈಯ ಹೊಲಿಗೆ, ಒಂದು ಟಾಕಿ ದೊಡ್ಡದು, ಒಂದು ಸಣ್ಣದು. ನೇರಳೆ ರೇಷ್ಮೆ, ತೆಳು ಜರಿ ಅಂಚು. ನೋಡುತ್ತಲೇ ಗುರುತು ಸಿಕ್ಕಿತು. ಅವರ ಮಡಿಸೀರೆ. ಅವರಿಗೆ ಇದ್ದದ್ದು ಅದೊಂದೇ ರೇಷ್ಮೆ ಸೀರೆ. ಸೆರಗಿಗೆ ಕತ್ತರಿ ಹಾಕಿದ್ದಾರೆ.

ಕಟ್ಟಿಕೊಂಡೆ. ಚೀಲ ಕಾಣುವುದಿಲ್ಲ. ಎದ್ದು ಹೊಸ್ತಿಲ ತನಕ ಹೋಗಿ ನಿಂತೆ, ಅಭ್ಯಾಸದ ಹಾಗೆ. ಅವರು ಒಲೆಯ ಕಡೆ ಮುಖ ಮಾಡಿಯೇ ಕೇಳಿದರು, "ಕಟ್ಕೊಂಡ್ಯಾ?"

"ಹೂಂರಿ."

"ಮತ್ತ ಯಾಕ ಅಲ್ಲೇ ನಿಂತಿ? ರೇಷ್ಮಿಗೆ ಮೈಲಿಗಿ ಇಲ್ಲಂತ ಎಷ್ಟು ಸಲ ಹೇಳಬೇಕ ನಿನಗ? ಬಾ ಒಳಗ. ನನ್ನ ಕೈಗೆ ಇವತ್ತ ಒಗ್ಗರಣಿ ಆಗೂದಿಲ್ಲ."

ಕಣ್ಣೊರೆಸಿಕೊಂಡು ಬರುತ್ತೇನೆ ಎಂದು ಇಲ್ಲಿ ಬಂದು ಕೂತು ಇದನ್ನು ಬರೆಯುತ್ತಿದ್ದೇನೆ. ಕೂಗುತ್ತಿದ್ದಾರೆ. ಎಣ್ಣೆ ಕಾದಿದೆಯಂತೆ, ಸಾಸಿವೆ —